ಶಿರಸ್ತ್ರಾಣದೊಳಗಿನ ದನಿ

ಮಾರ್ಗಶೀರ್ಷ ಮಾಸವು ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ನೆಲದಲ್ಲಿ ಎರಡು ಸಂಗತಿಗಳು ತಪ್ಪದೆ ತೋರುವವು. ಒಂದು, ಬೆಳಗಿನ ಜಾವದ ಚಳಿ. ಇನ್ನೊಂದು, ಹಗಲಿರುಳೆನ್ನದೆ ಸಾಗುವ ಕಬ್ಬಿನ ಗಾಡಿಗಳ ಸಾಲು. ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾ, ಗೋಕಾಕಗಳ ಮೇಲೆ ಹಾಯ್ದು ಯರಗಟ್ಟಿಗೆ ಹೋಗುವ ರಸ್ತೆಯನ್ನು ಈ ದಿನಗಳಲ್ಲಿ ರಾತ್ರಿ ಕಂಡವರಿಗೆ ಹೆಚ್ಚಿಗೆ ಹೇಳಬೇಕಾದುದಿಲ್ಲ. ಒಂದೊಂದು ಟ್ರ್ಯಾಕ್ಟರು ಎರಡೆರಡು ಟ್ರೇಲರುಗಳನ್ನೆಳೆಯುತ್ತ, ಎತ್ತರದ ದನಿಯಲ್ಲಿ ಹಾಡು ಹಚ್ಚಿಕೊಂಡು, ಸಕ್ಕರೆ ಕಾರಖಾನೆಯ ಕಡೆಗೆ ನಡೆಯುವದು. ಮುಂದೆ ಕಣ್ಣು ಕುಕ್ಕುವ ಬೆಳಕು; ಹಿಂದಿನ ಟ್ರೇಲರಿಗೆ ಮಾತ್ರ ಅನೇಕ ವೇಳೆ ಒಂದು ಕೆಂಪು ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇರುವದಿಲ್ಲ. ಹಿಂದಿನಿಂದ ಬರುವ ಮೋಟಾರ್ ಸೈಕಲ್ಲಿನವನಿಗೆ ಅದು ಕತ್ತಲೆಯೊಳಗೆ ನಿಂತ ಗೋಡೆ.

ನನ್ನ ಕಿರಿಯ ಮಗನು ಹುಕ್ಕೇರಿ ತಾಲೂಕಿನ ಕಾರಖಾನೆಯೊಂದರಲ್ಲಿ ಯಂತ್ರಗಳ ಮೇಲ್ವಿಚಾರಣೆ ಮಾಡುವನು. ಕಬ್ಬು ನುರಿಸುವ ಹಂಗಾಮಿನಲ್ಲಿ ಅವನ ಪಾಳಿ ಮುಗಿಯುವದು ನಡುರಾತ್ರಿಗೆ. ಹೋದ ವರ್ಷದ ಪುಷ್ಯ ಮಾಸದ ಒಂದು ರಾತ್ರಿ ಅವನು ಘಟಪ್ರಭೆಯನ್ನು ದಾಟಿ ಬರುತ್ತಿರಲು ಸೊಸೆಯು ಫೋನು ಹಚ್ಚಿದಳು. ಮೊಬೈಲನ್ನು ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ತುರುಕಿಕೊಂಡು ಮಾತಾಡುವದು ನಮ್ಮ ತರುಣರ ರೂಢಿ. ಇವನೂ ಹಾಗೆಯೇ ಮಾಡಿದ್ದನು. ರಸ್ತೆಯ ಒಂದು ಕುಳಿಯಲ್ಲಿ ಗಾಡಿ ಜಿಗಿಯಿತು, ಮೊಬೈಲು ಜಾರಿತು. ಅದನ್ನು ಹಿಡಿಯಲು ಎಡಗೈಯನ್ನೆತ್ತಿದ ಕ್ಷಣದಲ್ಲಿಯೇ ದೀಪವಿಲ್ಲದ ಟ್ರೇಲರು ಎದುರಾಯಿತು. ಒಂದೇ ಕೈಯಿಂದ ಗಾಡಿಯನ್ನು ಹೊರಳಿಸಿ ಮಣ್ಣಿನ ಅಂಚಿಗೆ ಬಿದ್ದನು. ಹೆಲ್ಮೆಟ್ಟು ಒಡೆಯಿತು, ತಲೆ ಉಳಿಯಿತು. ಭುಜದ ಎಲುಬು ಮುರಿದು ಎರಡು ತಿಂಗಳು ಮನೆ ಹಿಡಿದನು.

ಎಲುಬು ಕೂಡಿತು. ಕೂಡದೆ ಉಳಿದುದು ಸೊಸೆಯ ಮನಸ್ಸು. ಒಂದು ಸಂಜೆ ದೀಪ ಹಚ್ಚಿ ಬಂದವಳು ನನ್ನೆದುರಿಗೆ ನಿಂತು, "ಮಾವಾರ, ಆ ರಾತ್ರಿ ನಾ ಫೋನ ಹಚ್ಚಲಿಲ್ಲಂದ್ರ ಅವರು ಬೀಳತಿರಲಿಲ್ಲ," ಎಂದಳು. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಉತ್ತರ ಹೇಳಿದ ನನಗೆ ಅವಳಿಗೆ ಹೇಳಲು ಉತ್ತರ ದೊರೆಯಲಿಲ್ಲ. ಈ ವರ್ಷ ಕಾರ್ತಿಕದಲ್ಲಿ ಕಾರಖಾನೆಯ ಸೀಟಿ ಮತ್ತೆ ಕೂಗಿದಾಗ ಅವಳ ಮುಖವು ಬಾಡಿದುದನ್ನು ಮನೆಯವರೆಲ್ಲರೂ ಕಂಡೆವು. ಫೋನು ಹಚ್ಚಿದರೆ ಅಪಾಯ, ಹಚ್ಚದಿದ್ದರೆ ನಿದ್ದೆಯಿಲ್ಲ.

ಇಂಥ ಸಮಯದಲ್ಲಿ ಅಮೆರಿಕೆಯ ಮಿನೆಸೋಟ ಪ್ರಾಂತದಲ್ಲಿರುವ ನನ್ನ ಅಣ್ಣನ ಮಗನು ದೀಪಾವಳಿಗೆಂದು ಊರಿಗೆ ಬಂದನು. ಹುಟ್ಟಿದ್ದು ಹುಕ್ಕೇರಿಯಲ್ಲಿ, ಈಗ ಇರುವದು ವರ್ಷದಲ್ಲಿ ನಾಲ್ಕೈದು ತಿಂಗಳು ಕೆರೆಗಳೆಲ್ಲ ಕಲ್ಲಿನಂತೆ ಹೆಪ್ಪುಗಟ್ಟುವ ನಾಡಿನಲ್ಲಿ. ಅಲ್ಲಿಯ ಜನರು ಹಿಮದ ಮೇಲೆ ಸ್ನೋಮೊಬೈಲ್ ಎಂಬ ವಾಹನವನ್ನು ನಡೆಸುವರು. ಮುಂದೆ ಚಕ್ರಕ್ಕೆ ಬದಲಾಗಿ ಎರಡು ಜಾರುಪಟ್ಟಿ, ಹಿಂದೆ ಸುತ್ತುವ ರಬ್ಬರಿನ ಅಗಲವಾದ ಪಟ್ಟೆ; ಕೂಡುವದು ಮೋಟಾರ್ ಸೈಕಲ್ಲಿನ ಮೇಲೆ ಕೂತಂತೆಯೇ. ನಮ್ಮ ದೇಶದ ಗುಲ್ಮಾರ್ಗದಲ್ಲಿಯೂ ಪ್ರವಾಸಿಕರನ್ನು ಇಂಥವುಗಳ ಮೇಲೆ ಕೂಡ್ರಿಸಿ ತಿರುಗಿಸುವರು; ಸಿಯಾಚಿನ್ನಿನಲ್ಲಿ ನಮ್ಮ ಸೈನಿಕರೂ ಇವುಗಳನ್ನು ಬಳಸುವರು.

ಈ ವಾಹನದ ಹಿಂದೆ ಒಬ್ಬ ತಂದೆಯ ದುಃಖವಿದೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಯಂತ್ರಕುಶಲನ ಎರಡು ವರ್ಷದ ಮಗನು 1934ರ ಚಳಿಗಾಲದಲ್ಲಿ ಹೊಟ್ಟೆಯ ಕರುಳುಬಾವಿನಿಂದ ತೀರಿಕೊಂಡನು. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯುವ ಉಪಾಯವಿರಲಿಲ್ಲ. ಆತನು ಮೊದಲಿನಿಂದಲೂ ಹಿಮದ ಮೇಲೆ ಓಡುವ ಗಾಡಿಗಾಗಿ ಯತ್ನಿಸುತ್ತಿದ್ದವನು; 1937ರಲ್ಲಿ ಪಟ್ಟೆಯ ಮೇಲೆ ಓಡುವ ತನ್ನ ವಾಹನಕ್ಕೆ ಹಕ್ಕುಪತ್ರ ಪಡೆದನು, 1959ರಲ್ಲಿ ಒಬ್ಬಿಬ್ಬರು ಕೂಡುವ ಚಿಕ್ಕ ಗಾಡಿಯನ್ನು ಮಾರಾಟಕ್ಕೆ ತಂದನು. ಇಂದು ವಿನೋದಕ್ಕಾಗಿ ಓಡುವ ವಾಹನಕ್ಕೆ ಮೂಲವು ಹಿಮದಲ್ಲಿ ಸಿಕ್ಕಿಕೊಂಡ ಮನೆಗಳನ್ನು ಊರಿಗೆ ಕೂಡಿಸುವ ಆಸೆಯೆಂಬುದು ನೆನಪಿಡತಕ್ಕುದು.

ಅಣ್ಣನ ಮಗನು ತಮ್ಮನ ಕಥೆಯನ್ನು ಕೇಳಿ, ತನ್ನ ಪೆಟ್ಟಿಗೆಯಿಂದ ಬೆರಳುದ್ದದ ಒಂದು ಯಂತ್ರವನ್ನೂ ಅದರೊಡನೆ ಬಿಲ್ಲೆಯಂಥ ಎರಡು ಸ್ಪೀಕರುಗಳನ್ನೂ ಒಂದು ಮೈಕನ್ನೂ ತೆಗೆದು ಮುಂದಿಟ್ಟನು. "ಕಾಕಾ, ಹಿಮದಾಗ ನಾವು ಇದನ್ನ ಹೆಲ್ಮೆಟ್ಟಿನಾಗ ಹಾಕ್ಕೊಂಡು ಒಬ್ಬರಿಗೊಬ್ಬರು ಮಾತಾಡತೀವಿ. ಹಾಡೂ ಕೇಳತೀವಿ," ಎಂದನು. ನನಗೆ ಸಿಟ್ಟು ಬಂತು. ಮಾತಿನಿಂದಲೇ ಬಿದ್ದ ಹುಡುಗನಿಗೆ ಮಾತಿನ ಯಂತ್ರವನ್ನು ತಂದಿರುವೆಯಲ್ಲ, ಇದು ಕಿವಿಯಲ್ಲಿ ಕೂತು ಪಿಸುಗುಟ್ಟುವ ಕರ್ಣಪಿಶಾಚಿಯಲ್ಲವೆ, ಎಂದೆ. ಅವನು ನಕ್ಕು, ನಾಲ್ಕು ದಿನ ತಾಳಿ ಪರೀಕ್ಷಿಸಿ ಆಮೇಲೆ ಹೆಸರಿಡಿರೆಂದನು. ಆ ನಾಲ್ಕು ದಿನಗಳಲ್ಲಿ ತಿಳಿದುದನ್ನೇ ವಾಚಕರ ಮುಂದಿಡುತ್ತಿರುವೆನು. ಯಾಕಂದರೆ ಇಂಥ ಯಂತ್ರಗಳು ಈಗ ನಮ್ಮ ಪೇಟೆಗಳಿಗೂ ಬಂದಿವೆ, ಅನೇಕ ಮನೆಗಳ ಮಕ್ಕಳು ಕೊಳ್ಳಬಯಸುತ್ತಾರೆ, ಕೊಡಿಸುವ ತಂದೆತಾಯಿಗಳಿಗೆ ಯಾವದು ಒಳ್ಳೆಯದೆಂದು ತಿಳಿಯದು.

ಮೊದಲು ಇದರ ಹೆಸರಿನ ವಿಷಯ. ಈ ಯಂತ್ರಗಳು ತಂತಿಯಿಲ್ಲದೆ ಮಾತನ್ನು ಸಾಗಿಸುವ ವಿಧಾನಕ್ಕೆ ಬ್ಲೂಟೂತ್ ಎನ್ನುವರು. ಪದವನ್ನು ಒಡೆದರೆ ನೀಲದಂತವೆಂದಾಗುವದು. ಮಾತಿಗೂ ನೀಲಿ ಹಲ್ಲಿಗೂ ಏನು ಸಂಬಂಧವೆಂದು ನಾನು ಬೆರಗಾದೆ. 10ನೆಯ ಶತಮಾನದಲ್ಲಿ ಡೆನ್ಮಾರ್ಕನ್ನಾಳಿದ ಹರಾಲ್ಡನೆಂಬ ಅರಸನಿಗೆ ಆ ಬಿರುದಿತ್ತಂತೆ. ಬೇರೆಬೇರೆಯಾಗಿದ್ದ ಜನರನ್ನು ಒಂದುಗೂಡಿಸಿದವನಾದುದರಿಂದ, ಬೇರೆಬೇರೆ ಯಂತ್ರಗಳನ್ನು ಕೂಡಿಸುವ ಈ ವಿಧಾನಕ್ಕೆ ಅವನ ಹೆಸರನ್ನಿಟ್ಟರು. 1998ರಲ್ಲಿ ಹಲವು ಕಂಪನಿಗಳು ಸೇರಿ ಇದಕ್ಕಾಗಿ ಸಂಘವೊಂದನ್ನು ಕಟ್ಟಿದವು.

ಇನ್ನು, ಹೆಲ್ಮೆಟ್ಟಿನೊಳಗೆ ಮಾತು ಯಾಕೆ ಕೇಳಿಸದೆಂಬುದನ್ನು ನೋಡುವಾ. ಶ್ರಾವಣದಲ್ಲಿ ಘಟಪ್ರಭೆ ತುಂಬಿ ಹರಿಯುವಾಗ ಗೋಕಾಕ ಜಲಪಾತದ ತೂಗುಸೇತುವೆಯ ಮೇಲೆ ನಿಂತವರು ಬಲ್ಲರು. ಸುಮಾರು 170 ಅಡಿ ಕೆಳಗೆ ಧುಮುಕುವ ನೀರಿನ ಮೊರೆತದಲ್ಲಿ ಪಕ್ಕದವನ ಮಾತೂ ಮುಳುಗಿ ಹೋಗುವದು. ವೇಗವಾಗಿ ಓಡುವ ಗಾಡಿಯ ಮೇಲೆ ಕೂತವನ ಕಿವಿಗೆ ಗಾಳಿಯು ಅಂಥದೇ ಒಂದು ಜಲಪಾತ. ತಾಸಿಗೆ 100 ಕಿಲೋಮೀಟರಿನ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು 95ರಿಂದ 100 ಡೆಸಿಬೆಲ್ಲಿನಷ್ಟಾಗುವದುಂಟು. ಅಮೆರಿಕೆಯ ಕಾರ್ಮಿಕಾರೋಗ್ಯ ಸಂಶೋಧನಾ ಸಂಸ್ಥೆಯು ಹಾಕಿಕೊಟ್ಟ ಮಿತಿಯಂತೆ 85 ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ 8 ತಾಸು ಕೇಳಬಹುದು; ಅಲ್ಲಿಂದ ಮೂರು ಮೂರು ಡೆಸಿಬೆಲ್ ಏರಿದಂತೆ ಕಾಲವು ಅರ್ಧರ್ಧವಾಗುವದು. 94ಕ್ಕೆ ಒಂದೇ ತಾಸು, 100ಕ್ಕೆ ಕಾಲು ತಾಸು. ಗಾಳಿಯ ಸದ್ದಿನ ಮೇಲೆ ಹಾಡು ಕೇಳಬೇಕೆಂದು ಅದಕ್ಕಿಂತ ಎತ್ತರದಲ್ಲಿ ಹಚ್ಚಿಕೊಳ್ಳುವವನು ತನ್ನ ಕಿವಿಯನ್ನು ತಾನೇ ಕೊರೆದುಕೊಳ್ಳುವನು. ಆದಕಾರಣ ಒಳ್ಳೆಯ ಯಂತ್ರಕ್ಕಿಂತ ಮೊದಲು ಕೊಳ್ಳತಕ್ಕುದು ತಲೆಗೆ ಸರಿಯಾಗಿ ಕೂಡುವ, ಗದ್ದ ಮುಚ್ಚುವ ಹೆಲ್ಮೆಟ್ಟು. ಗಾಳಿ ಕಡಿಮೆ ನುಗ್ಗಿದಷ್ಟೂ ಸಣ್ಣ ದನಿಯೇ ಸಾಕಾಗುವದು.

ಹೆಲ್ಮೆಟ್ಟು ಎಂಥದಿರಬೇಕೆಂಬುದಕ್ಕೆ ನಮ್ಮಲ್ಲಿ ಕಾಯಿದೆಯಿದೆ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಶಿರಸ್ತ್ರಾಣವನ್ನು ಕಡ್ಡಾಯ ಮಾಡಿರುವದು. 2021ರ ಜೂನ್ 1ರಿಂದ ಐಎಸ್‌ಐ ಮುದ್ರೆಯಿಲ್ಲದ ಹೆಲ್ಮೆಟ್ಟುಗಳನ್ನು ದ್ವಿಚಕ್ರ ಸವಾರರಿಗೆ ಮಾರುವಂತಿಲ್ಲ. ಹಿಂದೆ ಕೂಡುವವರಿಗೂ ಅದು ಬೇಕೇ ಬೇಕು. ನಮ್ಮ ತಾಯಂದಿರು ಸೆರಗು ಹೊದ್ದರೆ ಸಾಕೆಂದು ತಿಳಿಯಬಾರದು. ಹೆಲ್ಮೆಟ್ಟಿನ ಪ್ರಾಣವಿರುವದು ಹೊರಗಿನ ಗಟ್ಟಿ ಚಿಪ್ಪು ಮತ್ತು ಒಳಗಿನ ಥರ್ಮೋಕೋಲಿನಂಥ ಪದರು ಎರಡರಲ್ಲಿ. ಪೆಟ್ಟು ಬಿದ್ದಾಗ ಆ ಪದರು ತಾನು ಜಜ್ಜಿಹೋಗಿ ತಲೆಯನ್ನುಳಿಸುವದು. ಸ್ಪೀಕರು ಕೂಡ್ರಿಸುವದಕ್ಕೆಂದು ಅದನ್ನು ಚಾಕುವಿನಿಂದ ಕೆತ್ತುವದು, ಚಿಪ್ಪಿಗೆ ತೂತು ಕೊರೆಯುವದು ಎರಡೂ ಮಹಾಪರಾಧ. ಕಿವಿಯ ಜಾಗದಲ್ಲಿ ಮೊದಲೇ ತಗ್ಗು ಬಿಟ್ಟಿರುವ ಹೆಲ್ಮೆಟ್ಟನ್ನು ಆರಿಸಬೇಕು. ಯಂತ್ರವನ್ನು ಅಂಚಿಗೆ ಹಿಡಿಕೆಯಿಂದ ಕಚ್ಚಿಸಬೇಕು ಇಲ್ಲವೆ ಅಂಟಿಸಬೇಕು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಧರಿಸಬಾರದು.

ಈಗ ಯಂತ್ರದ ಆಯ್ಕೆ. ಅಣ್ಣನ ಮಗನು ಹೇಳಿದುದನ್ನು ನಾನು ಪಾಠದಂತೆ ಕ್ರಮಕ್ಕೆ ತಂದಿರುವೆನು.

ಮೊದಲನೆಯದಾಗಿ, ಯಾರೊಡನೆ ಮಾತಾಡಬೇಕಾಗಿದೆ ಎಂಬುದನ್ನು ನಿಶ್ಚಯಿಸಬೇಕು. ಇಬ್ಬರೇ ಇದ್ದರೆ ಸಾದಾ ಬ್ಲೂಟೂತ್ ಯಂತ್ರವೇ ಸಾಕು. ಐದಾರು ಜನರಿದ್ದರೆ ಅದು ಬಾವಿಯಿಂದ ಕೊಡ ದಾಟಿಸುವ ಸಾಲಿನಂತೆ. ನಡುವಿನವನೊಬ್ಬನು ಸರಿದರೆ ಆಚೆಯವನಿಗೆ ನೀರಿಲ್ಲ. ಇದಕ್ಕೆ ಪರಿಹಾರವಾಗಿ ಮೆಶ್ ಎಂಬ ಬಲೆಯ ವಿಧಾನ ಬಂದಿದೆ. ಬಲೆಯ ಒಂದು ಎಳೆ ಹರಿದರೆ ಉಳಿದ ಎಳೆಗಳು ಭಾರ ಹೊರುವಂತೆ, ಒಬ್ಬನು ದೂರವಾದರೂ ಮಾತು ಬೇರೆಯವರ ಮೂಲಕ ದಾರಿ ಹುಡುಕಿಕೊಳ್ಳುವದು. ಇದಕ್ಕೆ ಬೆಲೆ ಹೆಚ್ಚು. ಮೇಲಾಗಿ ಒಂದು ಕಂಪನಿಯ ಬಲೆಯು ಇನ್ನೊಂದರ ಬಲೆಗೆ ಸಾಮಾನ್ಯವಾಗಿ ಕೂಡದು. ಜೊತೆಗಾರರು ಒಂದೇ ತರದ್ದನ್ನು ಕೊಳ್ಳುವದು ಜಾಣತನ.

ಎರಡನೆಯದು, ದೂರ. ಪೆಟ್ಟಿಗೆಯ ಮೇಲೆ ಬರೆದಿರುವ ದೂರವು ನಡುವೆ ಏನೂ ಅಡ್ಡವಿಲ್ಲದ ಬಯಲಿನದು. ದಿಬ್ಬ, ತಿರುವು, ಮನೆ, ಮರಗಳು ಅದನ್ನು ಬಹಳ ಮೊಟಕುಗೊಳಿಸುವವು. ನಮ್ಮ ಆಳೆತ್ತರದ ಕಬ್ಬಿನ ಹೊಲಗಳ ನಡುವಿನ ತಿರುವುಗಳಲ್ಲಿ ಅದನ್ನು ಪೂರಾ ನಂಬಲಾಗದು.

ಮೂರನೆಯದು, ಸ್ಪೀಕರು ಮತ್ತು ಮೈಕು. ಸ್ಪೀಕರು ಕಿವಿಯ ರಂಧ್ರಕ್ಕೆ ನೇರವಾಗಿ ಕೂಡಬೇಕು; ಬೆರಳಗಲ ತಪ್ಪಿದರೂ ದನಿ ಅರ್ಧ ಹೋಗುವದು. ಅನೇಕರು ಯಂತ್ರವನ್ನು ಬಯ್ಯುವದು ಈ ತಪ್ಪಿಗಾಗಿಯೇ. ಗದ್ದ ಮುಚ್ಚುವ ಹೆಲ್ಮೆಟ್ಟಿಗೆ ತಂತಿಯ ಸಣ್ಣ ಮೈಕು, ಮುಖ ತೆರೆದಿರುವದಕ್ಕೆ ಕಡ್ಡಿಯ ಮೈಕು. ಕಿವಿಯೊಳಗೆ ತುರುಕುವ ಇಯರ್‌ಫೋನುಗಳನ್ನು ಇದಕ್ಕೆ ಬದಲಾಗಿ ಬಳಸಬಾರದು. ಅವು ಕಿವಿಯನ್ನೇ ಮುಚ್ಚುವದರಿಂದ ಹಿಂದಿನ ಲಾರಿಯ ಹಾರ್ನು ಕೇಳಿಸದು. ಸ್ಪೀಕರಾದರೋ ಕಿವಿಯ ಹೊರಗಿರುವದು.

ನಾಲ್ಕನೆಯದು, ಗುಂಡಿಗಳು. ಹಿಮನಾಡಿನವರು ದಪ್ಪ ಕೈಚೀಲ ತೊಟ್ಟಿರುವದರಿಂದ ಗುಂಡಿಗಳು ದೊಡ್ಡವಾಗಿಯೂ ಉಬ್ಬಿಕೊಂಡೂ ಇರಬೇಕು. ಬರಿಗೈಯ ನಮಗೂ ಇದು ಒಳ್ಳೆಯದೇ. ನೋಡದೆ ಮುಟ್ಟಿ ತಿಳಿಯುವಂತಿರಬೇಕು.

ಐದನೆಯದು, ನೀರು ಮತ್ತು ಧೂಳು. ಐಪಿ 67 ಎಂದು ಬರೆದಿದ್ದರೆ ಧೂಳು ಒಳಹೋಗದು, ಒಂದು ಮೀಟರು ನೀರಿನಲ್ಲಿ ಅರ್ಧ ತಾಸು ಇದ್ದರೂ ಕೆಡದು ಎಂದರ್ಥ. ಹಿಮಕ್ಕೂ ನಮ್ಮ ಮಳೆಗೂ ಇದು ಸಾಕು.

ಆರನೆಯದು, ಬ್ಯಾಟರಿ. ಇಲ್ಲಿ ಮಾತ್ರ ಅವರ ನಾಡಿಗೂ ನಮ್ಮ ನಾಡಿಗೂ ದಾರಿ ಬೇರೆಯಾಗುವದು. ಲಿಥಿಯಮ್ ಬ್ಯಾಟರಿಯು ಕಡುಚಳಿಯಲ್ಲಿ ಬೇಗನೆ ಸೊರಗುವದು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದಕ್ಕೆ ವಿದ್ಯುತ್ತು ತುಂಬಿಸಿದರೆ ಒಳಗೇ ಕೆಡುವದು. ಆದಕಾರಣ ಅಲ್ಲಿಯವರು ಯಂತ್ರವನ್ನು ಮನೆಯ ಬಿಸುಪಿನಲ್ಲಿ ತುಂಬಿಸಿ, ದಾರಿಯಲ್ಲಿ ತಂಗುವಾಗ ಅಂಗಿಯ ಒಳಜೇಬಿನಲ್ಲಿಡುವರು. ನಮ್ಮಲ್ಲಿ ಭಯವು ಬಿಸಿಲಿನದು; ವೈಶಾಖದ ಬಿಸಿಲಿನಲ್ಲಿ ಹೆಲ್ಮೆಟ್ಟನ್ನು ಗಾಡಿಯ ಕನ್ನಡಿಗೆ ಸಿಕ್ಕಿಸಿ ಹೋಗುವ ಚಟವು ಬ್ಯಾಟರಿಯ ಆಯುಷ್ಯವನ್ನು ಕಳೆಯುವದು. ಹಿಮನಾಡಿನಲ್ಲಿ ಇನ್ನೊಂದು ತೊಡಕು ಉಸಿರಿನದು. ಹೆಲ್ಮೆಟ್ಟಿನ ಗಾಜು ಮಸುಕಾಗದಂತೆ ಮೂಗಿನ ಮುಂದೆ ಒಂದು ಮರೆಯಿರುವದು. ಅದರ ಬಳಿ ಇಟ್ಟ ಮೈಕಿನ ಹೊದಿಕೆ ತೇವಗೊಂಡು ಹೆಪ್ಪುಗಟ್ಟಿದರೆ ಮಾತು ತೊದಲುವದು.

ಇಷ್ಟೆಲ್ಲ ಹೇಳಿ ಅವನು ಒಂದು ಎಚ್ಚರಿಕೆಯನ್ನೂ ಕೊಟ್ಟನು. ಹಿಮದ ದಾರಿಗಳಲ್ಲಿ ಕೈಸನ್ನೆಯ ಭಾಷೆಯೊಂದುಂಟು. ಮುಂದಾಳು ಎದುರಿಗೆ ಬಂದವನಿಗೆ ಬೆರಳು ತೋರಿ ತನ್ನ ಹಿಂದೆ ಎಷ್ಟು ಗಾಡಿಗಳಿವೆಯೆಂದು ತಿಳಿಸುವನು, ಕಡೆಯವನು ಮುಷ್ಟಿ ಹಿಡಿದು ಇನ್ನಾರೂ ಇಲ್ಲವೆನ್ನುವನು. ಯಂತ್ರ ಬಂದ ಮೇಲೂ ಬಲ್ಲವರು ಆ ಸನ್ನೆಯನ್ನು ಬಿಟ್ಟಿಲ್ಲ. ಎದುರಿನವನ ಕಿವಿಯಲ್ಲಿ ನಮ್ಮ ಯಂತ್ರವಿಲ್ಲವಷ್ಟೆ. ಹಾಗೆಯೇ ಹಿಮಪಾತದ ಭಯವಿರುವ ಪರ್ವತಗಳಲ್ಲಿ, ಹೂತುಹೋದವನನ್ನು ಹುಡುಕಿಕೊಡುವ ಬೇರೊಂದು ಸಂಕೇತಯಂತ್ರವನ್ನು ಎದೆಗೆ ಕಟ್ಟಿಕೊಳ್ಳುವರು. ಈ ಮಾತಿನ ಯಂತ್ರವು ಅದಕ್ಕೆ ಬದಲಾಗದು. ಈ ಮಾತು ಕೇಳಿದಾಗ ನನಗೆ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ನಿನ ಹಿಮದೊಳಗೆ ಆರು ದಿನ ಹುದುಗಿದ್ದು ಜೀವದೊಡನೆ ಹೊರಬಂದು, 11ನೆಯ ತಾರೀಖಿಗೆ ನಮ್ಮನ್ನಗಲಿದ ಧಾರವಾಡ ಜಿಲ್ಲೆಯ ಬೆಟದೂರಿನ ವೀರ ಹನುಮಂತಪ್ಪ ಕೊಪ್ಪದರ ನೆನಪಾಯಿತು. ಹಿಮವು ನಮ್ಮ ಸೀಮೆಯ ಮನೆಗಳಿಗೆ ಅಷ್ಟೇನೂ ದೂರದ್ದಲ್ಲ.

ಆದರೂ ನನ್ನ ಶಂಕೆ ತೀರಿರಲಿಲ್ಲ. ಕೈ ಬಿಡುವಾದರೆ ಮನಸ್ಸು ಬಿಡುವಾದಂತಾಯಿತೆ? ಕಾಯಿದೆಯು ಕೈಯಲ್ಲಿ ಮೊಬೈಲು ಹಿಡಿದು ಗಾಡಿ ನಡೆಸುವದನ್ನು 2019ರ ತಿದ್ದುಪಡಿಯಿಂದ ಅಪಾಯಕರ ಚಾಲನೆಯಲ್ಲಿ ಸೇರಿಸಿದೆ; ಆದರೆ ಮನೆಯ ವ್ಯವಹಾರವನ್ನೋ ಜಗಳವನ್ನೋ ಕಿವಿಯಲ್ಲಿಟ್ಟುಕೊಂಡು ನಡೆಯುವವನ ಕಣ್ಣು ತೆರೆದಿದ್ದರೂ ರಸ್ತೆಯನ್ನು ಕಾಣದು. ತರಗತಿಯಲ್ಲಿ ನನ್ನ ಮುಖವನ್ನೇ ನೋಡುತ್ತ ಮನಸ್ಸನ್ನು ಮೈದಾನಕ್ಕೆ ಕಳುಹಿಸಿದ ಹುಡುಗರನ್ನು ನಾನು ಸಾಕಷ್ಟು ಕಂಡಿರುವೆನು.

ಇದನ್ನು ಪರೀಕ್ಷಿಸಲೆಂದು ಒಂದು ಸಂಜೆ ಮೂವರೂ ಗೋಕಾಕದಿಂದ ಮೂಡಲಗಿಗೆ ಹೊರಟೆವು. ಅಣ್ಣನ ಮಗನು ಮುಂದಿನ ಗಾಡಿಯಲ್ಲಿ, ನಾನು ಮಗನ ಹಿಂದೆ. ನನ್ನ ತಲೆಗೂ ಯಂತ್ರ ಕಟ್ಟಿದ್ದರು. ಮೊದಲು ಹಾಡು ಬಂತು. ಇಂಪಾಗಿಯೇ ಇತ್ತು; ಮುದುಕನಾದ ನಾನು ಎರಡು ಊರು ದಾಟಿದುದನ್ನೇ ಮರೆತೆ. ಹಿಂದೆ ಕೂತ ನನಗೆ ಹೀಗಾದರೆ ಗಾಡಿ ನಡೆಸುವವನ ಗತಿಯೇನೆಂದು ಬೆಚ್ಚಿ, ನಿಲ್ಲಿಸಿರೆಂದೆ. ಹಾಡು ನಿಂತಿತು. ಕತ್ತಲಾಯಿತು. ಮೂಡಲಗಿಯ ಸಮೀಪ ಒಂದು ತಿರುವಿನಲ್ಲಿ ಅಣ್ಣನ ಮಗನ ದನಿ ನನ್ನ ಕಿವಿಯಲ್ಲಿಯೇ ಕೂತು ಹೇಳಿದಂತೆ ಬಂತು: "ಎಡಕ್ಕ ಕಬ್ಬಿನ ಟ್ರೇಲರ್ ನಿಂತೈತಿ. ದೀಪಿಲ್ಲ. ಸಾವಕಾಶ ಬಾ." ಮಗನು ವೇಗವನ್ನಿಳಿಸಿದನು. ತಿರುವಿನಾಚೆ ಅದು ಇತ್ತು, ಕಪ್ಪಗೆ, ಅಲುಗದೆ. ನಾವು ಅದನ್ನು ಬಳಸಿ ಮುಂದೆ ಹೋದೆವು. ಮಗನು ಏನೂ ಮಾತಾಡಲಿಲ್ಲ. ಅವನ ಬೆನ್ನು ಬಿಗಿಹಿಡಿದುದು ಮಾತ್ರ ನನಗೆ ತಿಳಿಯಿತು. ಕರ್ಣಪಿಶಾಚಿಯೆಂದು ಕರೆದ ಹೆಸರನ್ನು ನಾನು ಅಂದೇ ಹಿಂದಕ್ಕೆ ತೆಗೆದುಕೊಂಡೆನು.

ಮನೆಗೆ ಬಂದು ಎಲ್ಲರೂ ಕೂತು ವಿಚಾರಿಸಿದೆವು. ಮಗನ ಪಾಳಿಯಲ್ಲಿಯೇ ಕೆಲಸ ಮಾಡುವ ಗೆಳೆಯನೊಬ್ಬನು ಗೋಕಾಕದವನೇ ಇದ್ದು, ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಬರುವನು. ಇಬ್ಬರಿಗೂ ಒಂದೇ ತರದ ಎರಡು ಸಾದಾ ಯಂತ್ರಗಳನ್ನು ಕೊಂಡೆವು. ಇವುಗಳ ಬೆಲೆಯು ಕೆಲವು ಸಾವಿರದಿಂದ ಹತ್ತಾರು ಸಾವಿರ ರೂಪಾಯಿಗಳವರೆಗೆ ಇರುವದು; ಇಬ್ಬರ ಮಾತಿಗೆ ಬಲೆಯ ಯಂತ್ರ ಬೇಡವಾದುದರಿಂದ ನಮಗೆ ಕಡಿಮೆಯದೇ ಸಾಕಾಯಿತು. ಉಳಿದ ಹಣದಲ್ಲಿ ಎರಡು ಒಳ್ಳೆಯ ಹೆಲ್ಮೆಟ್ಟು ಬಂದವು.

ಆಮೇಲೆ ಮನೆಯ ನಿಯಮಗಳನ್ನು ನಾನೇ ಬರೆದು ಗೋಡೆಗಂಟಿಸಿದೆನು. ರಾತ್ರಿ ಹಾಡಿಲ್ಲ; ಹಗಲಿನಲ್ಲಿಯೂ ಹಾರ್ನು ಕೇಳಿಸುವಷ್ಟೇ ದನಿ. ಗಾಡಿ ನಡೆಯುವಾಗ ಮನೆಯ ಫೋನನ್ನು ಎತ್ತುವಂತಿಲ್ಲ. ಗೆಳೆಯರ ನಡುವೆ ದಾರಿಯ ಮಾತಲ್ಲದೆ ಬೇರೆ ಮಾತಿಲ್ಲ: ಕುಳಿ, ಟ್ರೇಲರು, ದನ, ತಿರುವು. ಮುಂದಿನವನು ನೋಡಿ ಹೇಳಬೇಕು, ಹಿಂದಿನವನು ಕೇಳಿದೆನೆನ್ನಬೇಕು. ಹೊರಡುವಾಗ ಒಂದು ಫೋನು. ಘಟಪ್ರಭೆಯಲ್ಲಿ ದೀಪದ ಕೆಳಗೆ ಗಾಡಿ ನಿಲ್ಲಿಸಿ ಇನ್ನೊಂದು ಫೋನು. ಸೊಸೆಯು ತಾನಾಗಿ ಫೋನು ಹಚ್ಚುವಂತಿಲ್ಲ.

ಈ ಕಡೆಯ ನಿಯಮವನ್ನು ಓದಿ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದು ಛಲೋ ಆತು, ಮಾವಾರ. ಹಚ್ಚಬೇಕೋ ಬ್ಯಾಡೋ ಅಂತ ನಾ ವಿಚಾರ ಮಾಡೂದ ತಪ್ಪಿತು," ಎಂದಳು. ಆಗ ನನಗೆ ತಿಳಿಯಿತು, ವರ್ಷದಿಂದ ಅವಳನ್ನು ಸುಡುತ್ತಿದ್ದುದು ಆ ಒಂದು ರಾತ್ರಿಯ ಫೋನು ಮಾತ್ರವಲ್ಲ. ಪ್ರತಿ ರಾತ್ರಿಯೂ ಮೊಬೈಲನ್ನು ಕೈಯಲ್ಲಿ ಹಿಡಿದು ಅವಳೊಬ್ಬಳೇ ಮಾಡಬೇಕಾಗಿದ್ದ ನಿರ್ಣಯ.

ಒಂದು ತಿಂಗಳಾಯಿತು. ಹನ್ನೆರಡು ಹೊಡೆದ ಸ್ವಲ್ಪ ಹೊತ್ತಿಗೆ ಮೊದಲ ಫೋನು ಬರುವದು, ಆಮೇಲೆ ಘಟಪ್ರಭೆಯಿಂದ ಎರಡನೆಯದು. ಅವಳು ಮಗುವಿನ ಮಗ್ಗುಲಲ್ಲಿ ಒರಗುವಳು. ನಿದ್ದೆ ಹತ್ತುವದೆಂದು ಹೇಳಲಾರೆ. ಹೊರಬಾಗಿಲ ಅಗಳಿಯ ಸದ್ದಾಗುವವರೆಗೆ ಅವಳ ಬಳೆಗಳ ಸದ್ದೂ ಆಗಾಗ ಕೇಳಿಸುವದು. ಅದು ನನಗೆ ಗೊತ್ತಾಗುವದು, ಯಾಕಂದರೆ ನನಗೂ ಆ ಅಗಳಿ ಸದ್ದಾಗುವವರೆಗೆ ನಿದ್ದೆಯಿಲ್ಲ.

ವಾಚಕ ಬಂಧುಗಳಲ್ಲಿಯೂ ಭಗಿನಿಯರಲ್ಲಿಯೂ ನನ್ನ ವಿನಂತಿ ಎರಡೇ. ಮಕ್ಕಳು ಇಂಥ ಯಂತ್ರವನ್ನು ಕೇಳಿದರೆ ಬಯ್ಯುವ ಮೊದಲು ಯಾರೊಡನೆ ಏನು ಮಾತಾಡುವದಕ್ಕೆಂದು ಕೇಳಿರಿ. ಅದರ ಉತ್ತರದಲ್ಲಿಯೇ ಯಾವದನ್ನು ಕೊಳ್ಳಬೇಕು, ಕೊಳ್ಳಬೇಕೋ ಬೇಡವೋ ಎಂಬುದು ಅಡಗಿರುವದು. ಇನ್ನೊಂದು, ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರು ಇದ್ದರೆ ಇಂದು ಸಂಜೆಯೇ ಅದರ ಹಿಂದಿನ ಟ್ರೇಲರಿಗೆ ಒಂದು ಕೆಂಪು ದೀಪವನ್ನೂ ಹೊಳೆಯುವ ಪಟ್ಟಿಯನ್ನೂ ಹಚ್ಚಿರಿ. ಅದಕ್ಕೆ ಬೀಳುವ ವೆಚ್ಚ ಬಹು ಸ್ವಲ್ಪ. ರಸ್ತೆಯಲ್ಲಿ ಬರುವ ಎಲ್ಲರಿಗೂ ಯಂತ್ರ ಕೊಳ್ಳುವ ಶಕ್ತಿಯಿರುವದಿಲ್ಲ.